ಕರಾವಳಿಯ ಮನೆಗಳಲ್ಲಿ ಒಬ್ಬರೇ ಉಳಿಯುವುದು: ಮಂಗಳೂರಿನಿಂದ ಕಾರವಾರದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹೋಟೆಲಿಗೆ ನಡುರಾತ್ರಿ ಹೋದರೂ ಕೌಂಟರಿನಲ್ಲಿ ಯಾರಾದರೂ ಇರುತ್ತಾರೆ. ಮನೆ ಹಾಗಲ್ಲ, ಅದಕ್ಕೆ ಅದರದೇ ಗಡಿಯಾರ. ಕರಾವಳಿಯಲ್ಲಿ ಆ ಗಡಿಯಾರ ಇನ್ನೂ ಕಟ್ಟುನಿಟ್ಟು. ಬೆಳಿಗ್ಗೆ ಮೀನಿನವರ ಹಾರ್ನ್ ಕೇಳುವ ಹೊತ್ತಿಗೆ ಮಧ್ಯಾಹ್ನದ ಸಾರು ತೀರ್ಮಾನವಾಗುತ್ತದೆ, ಒಂದು ಗಂಟೆ ಹೊಡೆಯುವುದರೊಳಗೆ ಊಟ, ಮುಸ್ಸಂಜೆಗೆ ದೀಪ, ಒಂಬತ್ತೂವರೆಗೆ ಗೇಟಿಗೆ ಬೀಗ. ಒಂಟಿಯಾಗಿ ಬಂದ ಅತಿಥಿಗೂ ಮನೆಯವರಿಗೂ ಮುನಿಸು ಹುಟ್ಟುವುದು ಹೆಚ್ಚಾಗಿ ಈ ಗಡಿಯಾರ ಗೊತ್ತಿಲ್ಲದೆ. ಹಣದ ವಿಷಯಕ್ಕೆ ಜಗಳ ಆಗುವುದು ಕಡಿಮೆ. ಹಾಗಾಗಿ ಕೆಳಗಿನ ಬಹುಪಾಲು ಸೂಚನೆಗಳು ಯಾವಾಗ, ಏನನ್ನು, ಯಾರ ಹತ್ತಿರ ಮೊದಲೇ ಕೇಳಿಕೊಳ್ಳಬೇಕು ಎಂಬುದರ ಬಗ್ಗೆಯೇ ಇವೆ.

ಮೊದಲು ತಿಳಿಯಬೇಕಾದ್ದು: ಅದು ಯಾವ ಬಗೆಯ ಮನೆ?

‘ಹೋಮ್‌ಸ್ಟೇ’ ಎಂಬ ಬೋರ್ಡಿನ ಕೆಳಗೆ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಒಂದು, ಮನೆಯವರು ಅಲ್ಲೇ ವಾಸವಿದ್ದು ಒಂದೆರಡು ಕೋಣೆ ಕೊಡುವುದು. ಇನ್ನೊಂದು, ತೋಟದ ನಡುವಿನ ಖಾಲಿ ಕಟ್ಟಡವನ್ನು ಗುಂಪುಗಳಿಗೆ ಬಾಡಿಗೆಗೆ ಬಿಟ್ಟು ಒಬ್ಬ ಕೆಲಸದ ಹುಡುಗನನ್ನು ಇಡುವುದು. ಎರಡನೆಯದು ಹತ್ತು ಜನರ ಗುಂಪಿಗೆ ಸರಿ. ಒಬ್ಬರೇ ಹೋದರೆ ವಾರಾಂತ್ಯದಲ್ಲಿ ಪಕ್ಕದ ಕೋಣೆಯ ಸ್ಪೀಕರ್ ಗದ್ದಲವೇ ಗತಿ. ‘ನೀವು ಅದೇ ಮನೆಯಲ್ಲಿ ಇರ್ತೀರಾ? ಅಡುಗೆ ಯಾರು ಮಾಡ್ತಾರೆ?’ ಎಂಬ ಎರಡೇ ಪ್ರಶ್ನೆಗೆ ವ್ಯತ್ಯಾಸ ತಿಳಿಯುತ್ತದೆ. ‘ಕುಕ್ ಇದ್ದಾನೆ ಸರ್’ ಎಂದರೆ ಎರಡನೆಯ ಬಗೆ ಎಂದುಕೊಳ್ಳಿ.

ಮೂರನೆಯದು ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ದಾರಿ: ಗೆಳತಿಯ ಅತ್ತೆ ಮನೆ, ಸಹೋದ್ಯೋಗಿಯ ಊರಮನೆ. ಇಲ್ಲಿ ಹಣದ ಮಾತೆತ್ತಿದರೆ ಬೇಸರ ಮಾಡಿಕೊಳ್ಳುತ್ತಾರೆ. ಹಾಗೆಂದು ಕೈಬೀಸಿಕೊಂಡು ಹೋಗುವುದೂ ಸಲ್ಲ. ಎರಡು ರಾತ್ರಿಗಿಂತ ಹೆಚ್ಚು ಉಳಿಯಬೇಡಿ. ಪರಿಚಯ ಮಾಡಿಸಿದವರಿಂದಲೇ ಮೊದಲ ಫೋನ್ ಮಾಡಿಸಿ, ಆಮೇಲೆ ನೀವೇ ಇನ್ನೊಮ್ಮೆ ಮಾಡಿ. ನಾಲ್ಕನೆಯದು ಕೌಚ್‌ಸರ್ಫಿಂಗ್‌ನಂಥ ಜಾಲತಾಣಗಳ ಮೂಲಕ ಸಿಗುವ ಉಚಿತ ಆತಿಥ್ಯ. ಕೌಚ್‌ಸರ್ಫಿಂಗ್ 2020ರಿಂದ ಸದಸ್ಯತ್ವಕ್ಕೆ ಶುಲ್ಕ ಕೇಳುತ್ತದೆ. ಅಲ್ಲಿ ಆತಿಥೇಯರ ಬಗ್ಗೆ ಹಳೆಯ ಅತಿಥಿಗಳು ಬರೆದದ್ದನ್ನು ಓದದೆ ಒಪ್ಪಿಕೊಳ್ಳಬೇಡಿ. ನಿಮ್ಮ ಹಾಗೆಯೇ ಒಬ್ಬರೇ ಬಂದವರು, ಹೆಂಗಸರಾದರೆ ಒಬ್ಬರೇ ಬಂದ ಹೆಂಗಸರು, ಏನು ಬರೆದಿದ್ದಾರೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವಾಗ ಹೋಗಬೇಕು

ಮೊದಲ ಸಲ ಹೋಗುವವರಿಗೆ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ. ಸೆಕೆ ಕಡಿಮೆ, ಕಡಲು ಶಾಂತ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ, ಕಂಬಳ ಮತ್ತು ಕೋಲಗಳೂ ನಡೆಯುತ್ತಿರುತ್ತವೆ. ಮೇ ಕೊನೆಯ ವಾರದ ಪತ್ತನಾಜೆಗೆ, ಅಂದರೆ ತುಳುನಾಡಿನಲ್ಲಿ ಆಟ–ಕೋಲಗಳ ಕಾಲ ಮುಗಿಯುವ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲಗಳೂ ನಿಲ್ಲುತ್ತವೆ. ಆಟ, ಅಂದರೆ ಯಕ್ಷಗಾನ, ನೋಡಬೇಕೆಂದು ಜೂನ್‌ನಲ್ಲಿ ಬಂದರೆ ಬಯಲಾಟ ಸಿಗುವುದಿಲ್ಲ.

ಏಪ್ರಿಲ್–ಮೇ ತಿಂಗಳಿನಲ್ಲಿ ಮಾವು, ಹಲಸು ಹೇರಳ. ಅಂಕೋಲಾದ ಕರಿ ಇಷಾಡ ಮಾವಿಗೆ ಅದೇ ಹೊತ್ತು. ಆದರೆ ನೀರಿನದು ತಾಪತ್ರಯ. ಕಡಲಂಚಿನ ಬಾವಿಗಳಲ್ಲಿ ಆ ಹೊತ್ತಿಗೆ ಉಪ್ಪು ಸೇರುತ್ತದೆ, ಸೋಪು ನೊರೆ ಬಿಡುವುದಿಲ್ಲ. ಮಂಗಳೂರು ನಗರದಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ಇಳಿದ ವರ್ಷ ಸರದಿಯ ಮೇಲೆ ನೀರು ಬಿಡುತ್ತಾರೆ. ಹಂಚಿನ ಮನೆಯ ಉಪ್ಪರಿಗೆ ಕೋಣೆ ಚಿತ್ರದಲ್ಲಿ ಚೆಂದ, ಏಪ್ರಿಲಿನ ಮಧ್ಯಾಹ್ನ ಕುದಿಯುವ ಹಂಡೆ. ಆ ಎರಡು ತಿಂಗಳು ಕೆಳಗಿನ ಕೋಣೆಯನ್ನೇ ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಈ ನಾಲ್ಕು ತಿಂಗಳಲ್ಲೇ. ಮನೆಯೊಳಗೆ ಕೂತು ಪತ್ರೊಡೆ ತಿನ್ನುವ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೀಚಿಗೆ ಬರುವವರಿಗೆ ಹೇಳಿದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಸಿಗುವುದು ನಾಡದೋಣಿಯ ಮೀನು, ಹೊಳೆಮೀನು, ಒಣಮೀನು. ಆ ದಿನಗಳಲ್ಲಿ ‘ಅಂಜಲ್ ಫ್ರೈ ಇದೆಯಾ’ ಎಂದು ಮನೆಯವರನ್ನು ಕೇಳಿ ಮುಜುಗರ ಮಾಡಬೇಡಿ. ಮಳೆಗಾಲದ ಪ್ರಯಾಣಕ್ಕೆ ಒಂದು ಹೆಚ್ಚುವರಿ ದಿನ ಕೈಯಲ್ಲಿರಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಘಾಟಿ ರಸ್ತೆಗಳದ್ದೂ ಅದೇ ಪಾಡು.

ಕೋಣೆ ಸಿಗದ ದಿನಗಳೂ ಇವೆ: ಡಿಸೆಂಬರ್ ಕೊನೆಯ ವಾರ, ಮಂಗಳೂರು ದಸರಾ, ಗೋಕರ್ಣದ ಶಿವರಾತ್ರಿ, ಕೃಷ್ಣಾಷ್ಟಮಿಯ ಮರುದಿನ ಉಡುಪಿಯಲ್ಲಿ ನಡೆಯುವ ವಿಟ್ಲಪಿಂಡಿ, ಅಲ್ಲಿನ ಮಠಗಳ ಪೂಜೆಯ ಸರದಿ ಬದಲಾಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಪರ್ಯಾಯ. ಆ ದಿನಗಳಲ್ಲಿ ಮನೆಯವರ ನೆಂಟರೇ ಬಂದಿರುತ್ತಾರೆ. ಬುಕ್ ಆಗಿದ್ದರೂ ಒಂದು ವಾರ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಊರುಗಳನ್ನು ಜೋಡಿಸುವುದು

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ಒಂಬತ್ತು ರಾತ್ರಿ ಇದ್ದರೆ ನಾಲ್ಕು ಮನೆ ಸಾಕು: ಮಂಗಳೂರಿನಲ್ಲಿ ಎರಡು ರಾತ್ರಿ, ಉಡುಪಿ–ಮಲ್ಪೆ ಕಡೆ ಎರಡು, ಹೊನ್ನಾವರ ಅಥವಾ ಕುಮಟಾದಲ್ಲಿ ಮೂರು, ಕಾರವಾರದಲ್ಲಿ ಎರಡು. ಆರು ಊರು, ಆರು ಮನೆ ಎಂದು ಹಾಕಿಕೊಂಡರೆ ದಿನವೂ ಚೀಲ ಕಟ್ಟುವುದೇ ಕೆಲಸ. ಮನೆಯಲ್ಲಿ ಮೊದಲ ದಿನ ಎರಡೂ ಕಡೆಗೆ ಸಂಕೋಚ, ಮಾತು ಬಿಚ್ಚುವುದು ಎರಡನೆಯ ಬೆಳಗ್ಗೆ. ಹಾಗಾಗಿ ಒಂದು ಮನೆಯಲ್ಲಿ ಒಂದೇ ರಾತ್ರಿ ಎಂಬುದು ಹೋಟೆಲಿಗೆ ಹೇಳಿದ ಲೆಕ್ಕ. ಹೊನ್ನಾವರ–ಕುಮಟಾಕ್ಕೆ ಮೂರು ರಾತ್ರಿ ಕೊಟ್ಟದ್ದಕ್ಕೂ ಕಾರಣವಿದೆ. ಶರಾವತಿ ಹಿನ್ನೀರು, ಸ್ವಚ್ಛತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡಿನ ಬೀಚು, ಮಿರ್ಜಾನ್ ಕೋಟೆ, 2024ರಲ್ಲಿ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆ ಎಲ್ಲವೂ ಒಂದೇ ಮನೆಯಿಂದ ಹೋಗಿ ಬರುವ ದೂರದಲ್ಲಿವೆ. ಗೋಕರ್ಣವೂ ಕುಮಟಾದಿಂದ ಮೂವತ್ತು ಕಿ.ಮೀ. ಆಚೀಚೆ. ಗೋಕರ್ಣದ ಗದ್ದಲದಲ್ಲೇ ಉಳಿಯಲೇಬೇಕೆಂದಿಲ್ಲ.

ಮೊದಲ ಸಂದೇಶ

‘ರೂಮ್ ಇದೆಯಾ? ರೇಟ್ ಎಷ್ಟು?’ ಎಂಬ ನಾಲ್ಕು ಪದಗಳ ಸಂದೇಶಕ್ಕೆ ನಾಲ್ಕು ಪದಗಳ ಉತ್ತರವೇ ಬರುವುದು. ಹೀಗೆ ಬರೆದು ನೋಡಿ:

‘ನಮಸ್ಕಾರ. ನಾನು ಮೈಸೂರಿನವಳು, ಶಾಲೆಯಲ್ಲಿ ಕೆಲಸ. ಜನವರಿ 12ರ ಸಂಜೆ ಐದರಿಂದ 14ರ ಬೆಳಿಗ್ಗೆ ಹತ್ತರವರೆಗೆ, ಎರಡು ರಾತ್ರಿ, ಒಬ್ಬಳೇ ಬರುತ್ತೇನೆ. ಬಸ್ಸಿನಲ್ಲಿ ಬರುವುದು. ಮೀನು ತಿನ್ನುತ್ತೇನೆ, ಮಾಂಸ ಇಲ್ಲ. ಎರಡು ಹೊತ್ತಿನ ಊಟ ಮನೆಯಲ್ಲೇ ಆದರೆ ಒಳ್ಳೆಯದು. ಒಬ್ಬರಿಗೆ ಊಟ ಸೇರಿ ದಿನಕ್ಕೆ ಎಷ್ಟಾಗುತ್ತದೆ? ಸಂಜೆ ಆರರ ಮೇಲೆ ಫೋನ್ ಮಾಡಬಹುದೇ?’

ಇದರಲ್ಲಿ ‘ಒಬ್ಬರಿಗೆ’ ಎಂಬ ಪದ ಬಿಡಬೇಡಿ. ಹೆಚ್ಚಿನ ಮನೆಗಳ ದರ ಕೋಣೆಗೆ ಇಬ್ಬರು ಎಂಬ ಲೆಕ್ಕದಲ್ಲಿರುತ್ತದೆ. ಊಟ ತಲೆಲೆಕ್ಕ, ಕೋಣೆ ಕೋಣೆಲೆಕ್ಕ. ಒಬ್ಬರೇ ಬಂದವರಿಗೆ ಪೂರ್ತಿ ಕೋಣೆಯ ದರ ಹಾಕುತ್ತಾರೋ, ಕಡಿಮೆ ಮಾಡುತ್ತಾರೋ ಎಂಬುದನ್ನು ಬಂದ ಮೇಲೆ ಕೇಳಿದರೆ ಇಬ್ಬರಿಗೂ ಇರಿಸುಮುರಿಸು. ವಾರದ ನಡುವೆ ಹೋದರೆ, ಎರಡು ಮೂರು ರಾತ್ರಿ ಉಳಿದರೆ, ಕಡಿಮೆ ಮಾಡುವ ಸಾಧ್ಯತೆ ಹೆಚ್ಚು.

ಆಮೇಲೆ ಫೋನಿನಲ್ಲಿ ಕೇಳಬೇಕಾದವು:

- ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತೀರಿ? ಯಕ್ಷಗಾನ ನೋಡಿ ನಡುರಾತ್ರಿಯ ಮೇಲೆ ಬಂದರೆ ಹೇಗೆ?
- ಶೌಚಾಲಯ ಕೋಣೆಗೆ ಸೇರಿದ್ದೋ, ಹೊರಗೋ? ಕಮೋಡೋ, ಕುಕ್ಕರಗಾಲಲ್ಲಿ ಕೂರುವ ಬಗೆಯೋ?
- ಕೋಣೆಗೆ ಒಳಗಿನಿಂದ ಚಿಲಕ, ಹೊರಗಿನಿಂದ ಬೀಗ ಎರಡೂ ಇವೆಯಾ?
- ಹತ್ತಿರದ ಬಸ್ ನಿಲ್ದಾಣದಿಂದ ನಡೆದು ಎಷ್ಟು ಹೊತ್ತು? ಕೊನೆಯ ಬಸ್ ಎಷ್ಟಕ್ಕೆ?
- ನಾಯಿ ಇದೆಯಾ? ಕಟ್ಟಿರುತ್ತಾರಾ, ಬಿಟ್ಟಿರುತ್ತಾರಾ?
- ಈಜುಕೊಳ ಇದ್ದರೆ ಆಳ ಎಷ್ಟು, ನೋಡಿಕೊಳ್ಳುವವರು ಯಾರು?

ನಾಯಿಯ ಪ್ರಶ್ನೆಗೆ ನಗಬೇಡಿ. ತೋಟದ ಮನೆಗಳಲ್ಲಿ ರಾತ್ರಿ ನಾಯಿಯನ್ನು ಬಿಚ್ಚಿಬಿಡುತ್ತಾರೆ. ಅದಕ್ಕೆ ನಿಮ್ಮ ವಾಸನೆ ಗೊತ್ತಿರುವುದಿಲ್ಲ. ಬಂದ ದಿನ ಸಂಜೆಯೇ ಮನೆಯವರು ಪಕ್ಕದಲ್ಲಿರುವಾಗ ಪರಿಚಯ ಮಾಡಿಕೊಳ್ಳಿ.

ಪರಿಶೀಲನೆ, ದಾಖಲೆ, ಹಣ

ಹಣ ಪಡೆದು ಅತಿಥಿಗಳನ್ನು ಇಟ್ಟುಕೊಳ್ಳುವ ಮನೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ತಪ್ಪಿಲ್ಲ. ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಮನೆ ನೋಡಿ. ನೋಂದಣಿ ಇಲ್ಲದ ಜಾಗಕ್ಕೆ ಪೊಲೀಸರು ಬಂದರೆ ರಾತ್ರಿಯೇ ಕೋಣೆ ಖಾಲಿ ಮಾಡಬೇಕಾದವರು ಅತಿಥಿಗಳು.

ಗುರುತಿನ ಚೀಟಿಯ ಪ್ರತಿ ಕೊಡಲೇಬೇಕು. ಆಧಾರ್ ಆದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಅದನ್ನೇ ಕೊಡಿ. ಚಾಲನಾ ಪರವಾನಗಿಯೂ ನಡೆಯುತ್ತದೆ. ವಿದೇಶಿ ಪಾಸ್‌ಪೋರ್ಟ್ ಇರುವ ಅತಿಥಿ ಬಂದರೆ ಮನೆಯವರು 24 ಗಂಟೆಯೊಳಗೆ ಫಾರ್ಮ್ ತುಂಬಿ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದ ಕನ್ನಡಿಗರು ‘ನಾನು ಇಲ್ಲಿಯವನೇ ಅಲ್ವಾ’ ಎಂದು ಇದನ್ನು ಮರೆತು ಮನೆಯವರನ್ನು ತೊಂದರೆಗೆ ಸಿಕ್ಕಿಸುತ್ತಾರೆ. ಪಾಸ್‌ಪೋರ್ಟಿನ ವಿಷಯ ಮೊದಲ ಫೋನಿನಲ್ಲೇ ಹೇಳಿಬಿಡಿ.

ಮುಂಗಡವಾಗಿ ಒಂದು ರಾತ್ರಿಯ ಹಣಕ್ಕಿಂತ ಹೆಚ್ಚು ಕೊಡಬೇಡಿ. ಯುಪಿಐಯಲ್ಲಿ ಕಳಿಸುವ ಮೊದಲು ಪರದೆಯಲ್ಲಿ ಕಾಣುವ ಹೆಸರು ಫೋನಿನಲ್ಲಿ ಮಾತಾಡಿದವರದ್ದೇ ಎಂದು ನೋಡಿ. ಗೋಕರ್ಣ, ಮುರ್ಡೇಶ್ವರದಂಥ ಕಡೆ ಬೇರೆಯವರ ಮನೆಯ ಚಿತ್ರ ಹಾಕಿ ಮುಂಗಡ ದೋಚುವವರೂ ಇದ್ದಾರೆ. ಗೇಟಿನಿಂದ ಅಂಗಳದವರೆಗೆ ಒಂದು ವಿಡಿಯೋ ಕಾಲ್ ಮಾಡಿ ತೋರಿಸಿ ಎಂದರೆ ನಿಜವಾದ ಮನೆಯವರು ಖುಷಿಯಿಂದಲೇ ತೋರಿಸುತ್ತಾರೆ. ನೂರು, ಇನ್ನೂರರ ನೋಟಿನಲ್ಲಿ ಎರಡು ಸಾವಿರ ರೂಪಾಯಿ ಸದಾ ಜೊತೆಗಿರಲಿ. ಗಾಳಿಮಳೆಗೆ ಕರೆಂಟು ಹೋದರೆ ಟವರೂ ಹೋಗುತ್ತದೆ.

ತಲುಪುವುದು

ಕೊಂಕಣ ರೈಲ್ವೆಯ ನಿಲ್ದಾಣಗಳು ಊರಿನೊಳಗಿಲ್ಲ. ಉಡುಪಿಯದು ಇಂದ್ರಾಳಿಯಲ್ಲಿ. ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣ ಪೇಟೆಗೆ ಹತ್ತು ಕಿ.ಮೀ. ಹತ್ತಿರ. ಕಾರವಾರದ್ದೂ ಪೇಟೆಯಿಂದ ದೂರ. ಬೆಂಗಳೂರಿನಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಕರಾವಳಿಯ ಇಷ್ಟೂ ಊರುಗಳನ್ನು ಮುಟ್ಟುತ್ತದೆ, ಆದರೆ ಮಂಗಳೂರು ಸೆಂಟ್ರಲ್‌ಗೆ ಹೋಗುವುದಿಲ್ಲ, ಪಡೀಲ್ ಬೈಪಾಸಿನಲ್ಲೇ ದಾಟಿಹೋಗುತ್ತದೆ. ಮಂಗಳೂರಿನಲ್ಲೇ ಎರಡು ನಿಲ್ದಾಣ: ಪೇಟೆಯೊಳಗೆ ಸೆಂಟ್ರಲ್, ಕಂಕನಾಡಿ ಕಡೆ ಜಂಕ್ಷನ್. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ನೋಡಿಯೇ ಮನೆಯವರಿಗೆ ಹೇಳಿ.

ಬಸ್ಸಿನಲ್ಲೂ ಅದೇ ಗೊಂದಲ. ಮಂಗಳೂರಿನ ಸರ್ಕಾರಿ ಬಸ್ ನಿಲ್ದಾಣ ಬಿಜೈಯಲ್ಲಿ. ಉಡುಪಿ ಕಡೆಯ ಖಾಸಗಿ ಎಕ್ಸ್‌ಪ್ರೆಸ್, ಸಿಟಿ ಬಸ್ಸುಗಳೆಲ್ಲ ಹೊರಡುವುದು ‘ಸ್ಟೇಟ್‌ಬ್ಯಾಂಕ್’ನಿಂದ. ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್’ ಎಂದು ಕೂಗುವುದು ಬಸ್ ನಿಲ್ದಾಣಕ್ಕೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಮಂಗಳೂರು–ಉಡುಪಿ–ಕುಂದಾಪುರದ ನಡುವೆ ಓಡುವುದರಲ್ಲಿ ಖಾಸಗಿಯವೇ ಹೆಚ್ಚಾದ್ದರಿಂದ ಹೆಂಗಸರೂ ಚಿಲ್ಲರೆ ಇಟ್ಟುಕೊಳ್ಳಬೇಕು. ಬೈಂದೂರು ದಾಟಿ ಉತ್ತರ ಕನ್ನಡಕ್ಕೆ ಬಂದರೆ ಸರ್ಕಾರಿ ಬಸ್ಸು ಸಾಕಷ್ಟಿವೆ.

ಮ್ಯಾಪಿನ ಗುರುತು ನಂಬಿ ಕತ್ತಲಲ್ಲಿ ಹೋಗಬೇಡಿ. ತೋಟದೊಳಗಿನ ಮನೆಗೆ ಮ್ಯಾಪು ತೋರಿಸುವ ದಾರಿ ಕೆಲವೊಮ್ಮೆ ಹೊಳೆಯ ಆಚೆ ದಡದಲ್ಲಿ ಮುಗಿಯುತ್ತದೆ. ಮನೆಯವರು ಬಾಯಲ್ಲಿ ಹೇಳುವ ದಾರಿ ಬರೆದುಕೊಳ್ಳಿ, ಅದರಲ್ಲಿ ಬರುವ ಪದಗಳೂ ತಿಳಿದಿರಲಿ: ಸಂಕ ಎಂದರೆ ತೋಡಿನ ಮೇಲಿನ ಸಣ್ಣ ಸೇತುವೆ, ಬೈಲು ಎಂದರೆ ತಗ್ಗಿನ ಗದ್ದೆಬಯಲು, ಪದವು ಎಂದರೆ ಎತ್ತರದ ಬಟ್ಟಬಯಲು, ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ವಿಳಾಸದಲ್ಲಿ ‘ಕುದ್ರು’ ಇದ್ದರೆ ಅಲ್ಲಿಗೆ ಸೇತುವೆಯೋ ದೋಣಿಯೋ, ದೋಣಿಯಾದರೆ ಎಷ್ಟು ಗಂಟೆಯವರೆಗೆ ಎಂದು ಕೇಳಿ. ಸಂಜೆ ಐದರೊಳಗೆ ತಲುಪುವ ಹಾಗೆ ಹೊರಡಿ. ತಡವಾದರೆ ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ ಹೇಳಿ. ರಾತ್ರಿ ಊಟಕ್ಕೆ ಅಕ್ಕಿ ಹಾಕುವುದು ಏಳಕ್ಕೆ, ನಿಮಗೆ ಹಾಕಬೇಕೋ ಬೇಡವೋ ಎಂಬುದು ಆಗಲೇ ತೀರ್ಮಾನವಾಗಬೇಕು.

ಮೊದಲ ಒಂದು ಗಂಟೆ

ಚಪ್ಪಲಿ ಮೆಟ್ಟಿಲಿನ ಕೆಳಗೆ. ಹೊರಗೆ ನಲ್ಲಿಯೋ ಬಕೆಟ್ಟೋ ಇದ್ದರೆ ಕಾಲು ತೊಳೆದೇ ಒಳಗೆ ಹೋಗಿ. ಹಳೆಯ ಮನೆಗಳಲ್ಲಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದಿಡುತ್ತಾರೆ. ಉತ್ತರ ಕನ್ನಡದಲ್ಲಿ ‘ಆಸರಿಗೆ ಎಂತ ಬೇಕು?’ ಎಂದು ಕೇಳುತ್ತಾರೆ, ಕುಡಿಯಲು ಏನು ಕೊಡಲಿ ಎಂದು ಅರ್ಥ. ‘ಏನೂ ಬೇಡ’ ಎನ್ನಬೇಡಿ. ಮಜ್ಜಿಗೆಯೋ, ಪುನರ್ಪುಳಿ ಶರಬತ್ತೋ, ಬರೀ ನೀರೋ, ಒಂದನ್ನು ಹೇಳಿ. ಬೆಲ್ಲದ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಮುಗಿಯಿತು.

ತಂದದ್ದನ್ನು ಆಗಲೇ ಕೊಟ್ಟುಬಿಡಿ. ಏನು ತರಬೇಕು? ಗೋಡಂಬಿ, ತೆಂಗು, ಬಾಳೆಹಣ್ಣು ಇವರ ಹಿತ್ತಲಲ್ಲೇ ಇದೆ. ಘಟ್ಟದ ಮೇಲಿನದ್ದು ಬೇಕು: ಧಾರವಾಡ ಪೇಡೆ, ಬೆಳಗಾವಿ ಕುಂದಾ, ಗೋಕಾಕದ ಕರದಂಟು, ಜೋಳದ ಕಡಕ್ ರೊಟ್ಟಿ, ಡಿಸೆಂಬರ್–ಜನವರಿಯಾದರೆ ಎರಡು ಕಿಲೋ ಸೊಗಡಿನ ಅವರೆಕಾಯಿ. ಸಿಹಿಗಿಂತ ಅವರೆಕಾಯಿಗೇ ಮುಖ ಅರಳುವುದು ಹೆಚ್ಚು.

ಮನೆಯವರಿಗೆ ಹೇಳಿಯೇ ಕೋಣೆ ಪರೀಕ್ಷಿಸಿ: ಚಿಲಕ, ಕಿಟಕಿ, ಫ್ಯಾನು, ಸೊಳ್ಳೆಪರದೆ. ರಾತ್ರಿ ಹಂಚಿನ ಮೇಲೆ ಧಡಧಡ ಸದ್ದಾದರೆ ಅದು ಬೆಕ್ಕೋ, ಪುನುಗಿನ ಬೆಕ್ಕೋ ಆಗಿರುತ್ತದೆ. ಯಾವ ದಿಕ್ಕಿಗೆ ಹೋಗಬಾರದು ಎಂಬುದನ್ನೂ ಕೇಳಿಕೊಳ್ಳಿ. ಅಂಗಳದ ಮೂಲೆಯಲ್ಲಿ ಮರಗಳ ಗುಂಪು, ನಡುವೆ ಕಲ್ಲುಗಳು ಕಂಡರೆ ನಾಗಬನ. ಅದರೊಳಗೆ ಹೋಗುವುದು, ಎಲೆ ಕೀಳುವುದು, ಅಲ್ಲಿ ನಿಂತು ಸೆಲ್ಫಿ ತೆಗೆಯುವುದು ಕೂಡದು. ದೈವದ ಗುಡಿ, ದೇವರ ಕೋಣೆಗೂ ಇದೇ ಮಾತು.

ಬಚ್ಚಲಿನ ಹಂಡೆ

ಗೀಸರ್ ಇರುವ ಮನೆಯಾದರೆ ಈ ಭಾಗ ಬಿಡಿ. ಇನ್ನೂ ಹಲವು ಮನೆಗಳಲ್ಲಿ ಬಚ್ಚಲಿನ ಮೂಲೆಯ ಒಲೆಯಲ್ಲಿ ತಾಮ್ರದ ಹಂಡೆ ಕೂತಿರುತ್ತದೆ. ಕೆಳಗೆ ತೆಂಗಿನ ಸೋಗೆ, ಕೊತ್ತಳಿಗೆ, ಗೆರಟೆ ಉರಿಯುತ್ತಿರುತ್ತವೆ. ಇಲ್ಲಿ ಹೊಸಬರು ಮಾಡುವ ತಪ್ಪು ಎರಡು. ಮೊದಲನೆಯದು ಬಕೆಟಿಗೆ ಮೊದಲು ಬಿಸಿನೀರು ಸುರಿಯುವುದು. ಹಂಡೆಯ ನೀರು ಹೆಚ್ಚುಕಡಿಮೆ ಕುದಿಯುವ ಹದದಲ್ಲಿರುತ್ತದೆ, ಸಿಡಿದರೆ ಕಾಲು ಸುಡುತ್ತದೆ. 16 ಲೀಟರಿನ ಬಕೆಟ್ ಆದರೆ ಮೊದಲು ಮುಕ್ಕಾಲು ತಣ್ಣೀರು ಹಿಡಿಯಿರಿ, ಆಮೇಲೆ ಒಂದು ಲೀಟರಿನ ಚೊಂಬಿನಲ್ಲಿ ಮೂರು ಸಲ ಬಿಸಿನೀರು ಹಾಕಿ ಕೈ ಅದ್ದಿ ನೋಡಿ, ಬೇಕಾದರೆ ಇನ್ನೊಂದು. ಎರಡನೆಯ ತಪ್ಪು, ತೆಗೆದಷ್ಟು ನೀರನ್ನು ಹಂಡೆಗೆ ತಿರುಗಿ ಹಾಕದೆ ಹೋಗುವುದು. ಉರಿ ಇರುವಾಗ ನೀರು ಅರ್ಧಕ್ಕಿಂತ ಕೆಳಗಿಳಿದರೆ ಬರಿದಾದ ತಾಮ್ರ ಕಾದು ಬೆಸುಗೆ ಬಿಡುತ್ತದೆ, ಹಂಡೆ ಸೋರಲು ಶುರುವಾಗುತ್ತದೆ. ನಾಲ್ಕು ಚೊಂಬು ತೆಗೆದರೆ ನಾಲ್ಕು ಚೊಂಬು ತಣ್ಣೀರು ತುಂಬಿ. ಸೋಪು ಹತ್ತಿದ ಚೊಂಬನ್ನು ಹಂಡೆಗೆ ಅದ್ದಬೇಡಿ, ಬಾವಿಕಟ್ಟೆಯ ಮೇಲೆ ಸೋಪು ಇಡಬೇಡಿ.

ಬೈರಾಸು, ಅಂದರೆ ಮೈ ಒರೆಸುವ ಟವೆಲು, ತೆಳುವಾದ್ದನ್ನೇ ತನ್ನಿ. ದಪ್ಪದ್ದು ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಮುಗ್ಗಲು ಹಿಡಿಯುತ್ತದೆ.

ಊಟ

ಕುಚ್ಚಲಕ್ಕಿ ಅನ್ನ ನೋಡಿ ಹೆದರುವವರು ಹೆಚ್ಚು. ಕಾಳು ದಪ್ಪ, ಅಗಿಯಬೇಕು, ಹೊಟ್ಟೆ ಬೇಗ ತುಂಬುತ್ತದೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ, ಅನ್ನಕ್ಕೆ ಹೋಲಿಸಿದರೆ ಅರ್ಧದಷ್ಟೇ ಮೊದಲ ಸಲ ಹಾಕಿಸಿಕೊಳ್ಳಿ. ಗಂಜಿಯಾದರೆ ತಿಳಿ ಸಮೇತ ಬಟ್ಟಲಿಗೆ ಬರುತ್ತದೆ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ, ಚಟ್ನಿ ಅಥವಾ ಸುಟ್ಟ ಒಣಮೀನು. ಹೊಟ್ಟೆ ಕೆಟ್ಟ ದಿನ ಅದಕ್ಕಿಂತ ಒಳ್ಳೆಯ ಊಟವಿಲ್ಲ. ತೆಂಗಿನೆಣ್ಣೆ, ತೆಂಗಿನಕಾಯಿ ಅಭ್ಯಾಸವಿಲ್ಲದವರು ಮೊದಲೆರಡು ದಿನ ರಾತ್ರಿ ಊಟ ಹಗುರ ಮಾಡಿಕೊಳ್ಳಲಿ.

ಮೀನು ಬೇಕು, ಬೇಡ ಎಂಬುದನ್ನು ಹಿಂದಿನ ರಾತ್ರಿಯೇ ಹೇಳಿ. ಸೋಮವಾರ, ಸಂಕ್ರಮಣದಂಥ ದಿನ ಮೀನು ಮಾಡದ ಮನೆಗಳಿವೆ. ಬ್ರಾಹ್ಮಣರ ಮನೆಯಾದರೆ ಹೊರಗಿನ ಮೀನಿನ ಪಾರ್ಸೆಲ್ ತಂದು ಕೋಣೆಯಲ್ಲಿ ತಿನ್ನುವ ಯೋಚನೆಯೇ ಬೇಡ, ವಾಸನೆ ಅಡಗುವುದಿಲ್ಲ. ಮದ್ಯದ ವಿಷಯವೂ ಅಷ್ಟೆ, ಕೇಳದೆ ತರಬೇಡಿ.

ಮುಳ್ಳಿನ ಅಭ್ಯಾಸ ಇಲ್ಲದವರು ಕಾಣೆಯಿಂದ ಶುರುಮಾಡಿ. ನಡುವೆ ಒಂದೇ ಎಲುಬು, ಮಾಂಸ ಮೆತ್ತಗೆ. ಆಮೇಲೆ ಬಂಗುಡೆ. ಅದರ ಬೆನ್ನಿನ ಗೆರೆಯುದ್ದಕ್ಕೂ ಬೆರಳಿನಿಂದ ಬಿಡಿಸಿ, ಮೇಲಿನ ಪದರ ಎತ್ತಿ ತಿಂದು, ಬಾಲದ ಕಡೆಯಿಂದ ನಡುಮುಳ್ಳನ್ನು ಇಡಿಯಾಗಿ ಎಳೆದರೆ ಕೆಳಗಿನ ಪದರ ಸಿಗುತ್ತದೆ. ಬೂತಾಯಿಯ ಕೂದಲಿನಂಥ ಮುಳ್ಳುಗಳು ಕೊನೆಯ ಪಾಠ. ಮಾತಾಡುತ್ತಾ ತಿನ್ನುವ ಮೀನಲ್ಲ ಅದು. ಮುಳ್ಳು ಸಿಕ್ಕಿ ನೋವು ಹೋಗದಿದ್ದರೆ ಅನ್ನದ ಉಂಡೆ ನುಂಗುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ.

ಸಾಕು ಎನ್ನುವುದೂ ಒಂದು ವಿದ್ಯೆ. ಒಂದು ಸಲ ಬೇಡ ಎಂದರೆ ಸಂಕೋಚ ಎಂದು ತಿಳಿದು ಇನ್ನೊಂದು ಸೌಟು ಬೀಳುತ್ತದೆ. ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ತುಳುವಿನಲ್ಲಿ ‘ಯಾವು’ ಎನ್ನಿ. ಸೌಟು ನಿಲ್ಲುತ್ತದೆ, ನಗುವೂ ಬರುತ್ತದೆ.

ಮಾತು

ಮಂಗಳೂರು–ಉಡುಪಿಯಲ್ಲಿ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ, ಕುಂದಾಪುರದಲ್ಲಿ ಕುಂದಗನ್ನಡ, ಭಟ್ಕಳದಲ್ಲಿ ನವಾಯತಿಯೂ ಕಿವಿಗೆ ಬೀಳುತ್ತದೆ, ಹೊನ್ನಾವರ–ಕುಮಟಾದ ಹವ್ಯಕರ ಮನೆಯಲ್ಲಿ ಹವಿಗನ್ನಡ, ಕಾರವಾರದಲ್ಲಿ ಮತ್ತೆ ಕೊಂಕಣಿ. ಎಲ್ಲರಿಗೂ ಕನ್ನಡ ಬರುತ್ತದೆ. ಆದರೆ ಮಂಗಳೂರಿನ ಕನ್ನಡದಲ್ಲಿ ಏಕವಚನ ಸುಲಭಕ್ಕೆ ಬರುವುದಿಲ್ಲ. ಬೆಂಗಳೂರಿನ ಸಲಿಗೆಯ ‘ಬಾರೋ, ಹೋಗೋ’ ಅಲ್ಲಿ ಚುಚ್ಚುತ್ತದೆ. ಮನೆಯ ಹುಡುಗರಿಗೂ ಮೊದಲು ‘ನೀವು’ ಎನ್ನಿ. ಮನೆಯಾಕೆಯನ್ನು ಆಂಟಿ ಎನ್ನುವುದಕ್ಕಿಂತ ಅಕ್ಕ, ಅಮ್ಮ ಒಳ್ಳೆಯದು. ತುಳುವಿನ ‘ಒಣಸ್ ಆಂಡಾ?’ ಎಂಬ ಊಟದ ಪ್ರಶ್ನೆ ಕುಶಲದ ಪ್ರಶ್ನೆಯೂ ಹೌದು. ‘ಆಂಡ್’ ಎಂದು ಉತ್ತರಿಸಿ, ಅವರನ್ನೂ ಕೇಳಿ.

ಕಡಲು

ಒಂಟಿಯಾಗಿ ಇರುವವರಿಗೆ ನಿಜವಾದ ಅಪಾಯ ಇರುವುದು ನೀರಿನಲ್ಲಿ. ಈಜು ಬರುತ್ತದೆ ಎಂಬ ಧೈರ್ಯವೇ ಕೈಕೊಡುತ್ತದೆ. ಅಲೆಗಳು ಮುರಿಯುವ ಸಾಲಿನ ನಡುವೆ ಒಂದು ಕಡೆ ಮಾತ್ರ ಅಲೆಯಿಲ್ಲದೆ ಸಪಾಟಾಗಿ, ಬಣ್ಣ ಸ್ವಲ್ಪ ಕಪ್ಪಾಗಿ ಕಂಡರೆ ಅಲ್ಲಿ ನೀರು ಹೊರಕ್ಕೆ ಸೆಳೆಯುತ್ತಿದೆ. ಹೊಸಬರು ‘ಇಲ್ಲಿ ಶಾಂತವಾಗಿದೆ’ ಎಂದು ಇಳಿಯುವುದೂ ಅಲ್ಲೇ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಹೋರಾಡಬೇಡಿ. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ, ಸೆಳೆತ ಸಡಿಲವಾದ ಮೇಲೆ ದಡಕ್ಕೆ ತಿರುಗಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಯಾವ ತಿಂಗಳಲ್ಲೂ ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ಅಲ್ಲಿ ಹೊಳೆ, ಕಡಲು ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಜೀವರಕ್ಷಕರು ಇಲ್ಲದ ಕಡೆ ಮೊಣಕಾಲು ಮಟ್ಟವೇ ಗಡಿ. ಮಳೆಗಾಲದಲ್ಲಿ ಅದೂ ಬೇಡ.

ಬಲೆ ಎಳೆದ ಜಾಗದಲ್ಲಿ ಬರಿಗಾಲಲ್ಲಿ ನಡೆದು ತೊರಕೆ ಮೀನಿನ ಮುಳ್ಳು ಚುಚ್ಚಿಸಿಕೊಂಡರೆ ಗಾಯ ತೊಳೆದು, ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲ ಕಾಲಿಟ್ಟರೆ ನೋವು ಇಳಿಯುತ್ತದೆ. ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಆಸ್ಪತ್ರೆಗೆ ಹೋಗಲೇಬೇಕು. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದರೆ ನಿಂತ ನೀರಿನಲ್ಲಿ ನಡೆಯಬೇಡಿ, ಇಲಿಜ್ವರ ಬರುವ ದಾರಿ ಅದು.

ಸರಿಹೋಗದಿದ್ದರೆ

ಹೊರಡುವ ಮೊದಲೇ ಮನೆಯವರ ಹೆಸರು, ಫೋನು, ಊರಿನ ಗುರುತು ಇವನ್ನು ಒಬ್ಬರಿಗೆ ಕಳಿಸಿ, ದಿನಕ್ಕೊಂದು ಗೊತ್ತಾದ ಹೊತ್ತಿಗೆ ಸಂದೇಶ ಹಾಕಿ. ಅದೇ ಊರಿನಲ್ಲಿ ಒಂದು ಲಾಡ್ಜಿನ ನಂಬರೂ ನಿಮ್ಮಲ್ಲಿರಲಿ. ಮನೆಯಲ್ಲಿ ಯಾರಾದರೂ ಕುಡಿದು ಬಾಗಿಲು ಬಡಿದರೆ, ಹೇಳಿದ ಹೆಂಗಸರು ಮನೆಯಲ್ಲಿ ಇಲ್ಲದಿದ್ದರೆ, ವಿವರಣೆ ಕೇಳುತ್ತಾ ಕೂರದೆ ಬೆಳಕಿರುವಾಗಲೇ ಹೊರಡಿ. ‘ಮನೆಯಿಂದ ಫೋನ್ ಬಂತು, ಹೋಗಬೇಕು’ ಎಂಬುದು ಸಾಕಷ್ಟು ಕಾರಣ. ತುರ್ತಿಗೆ 112, ಕಡಲಲ್ಲಿ ಅವಘಡವಾದರೆ ಕರಾವಳಿ ಕಾವಲು ಪೊಲೀಸರ 1093.

ಇನ್ನೊಂದು ಮಾತು ನೇರವಾಗಿಯೇ ಹೇಳಬೇಕು. ಊರಿನಲ್ಲಿ ಪರಿಚಯವಾದ ಗೆಳೆಯರನ್ನು, ಗೆಳತಿಯರನ್ನು ಕೇಳದೆ ಮನೆಗೆ ಕರೆತರಬೇಡಿ. 2012ರ ಜುಲೈನಲ್ಲಿ ಮಂಗಳೂರಿನ ಪಡೀಲಿನ ಹೋಮ್‌ಸ್ಟೇಯೊಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ದಾಳಿ ನಡೆದಿತ್ತು. ತಪ್ಪು ದಾಳಿ ಮಾಡಿದವರದ್ದೇ. ಆದರೆ ಅಂಥ ರಾತ್ರಿಯನ್ನು ಎದುರಿಸಬೇಕಾಗುವುದು ಮನೆಯವರು, ಹಾಗಾಗಿ ಯಾರು ಬರಬೇಕು ಎಂದು ನಿರ್ಧರಿಸುವ ಹಕ್ಕೂ ಅವರದು.

ಸಣ್ಣ ಕೊರತೆಗಳನ್ನು, ಅಂದರೆ ಫ್ಯಾನು ಸದ್ದು ಮಾಡುತ್ತದೆ, ಸೊಳ್ಳೆ ಇದೆ ಎಂಬಂಥವನ್ನು, ಅದೇ ದಿನ ಬಾಯಲ್ಲಿ ಹೇಳಿ. ಸುಮ್ಮನಿದ್ದು ಊರಿಗೆ ಹೋಗಿ ಒಂದು ಸ್ಟಾರ್ ಕೊಡುವುದು ಮನೆಯವರ ಜೊತೆ ಆಡುವ ಆಟವಲ್ಲ.

ಹೊರಡುವಾಗ

ಲೆಕ್ಕ ಹಿಂದಿನ ರಾತ್ರಿಯೇ ಮುಗಿಸಿ, ಬೆಳಗಿನ ಗಡಿಬಿಡಿಗೆ ಬಿಡಬೇಡಿ. ಪರಿಚಿತರ ಮನೆಯಾದರೆ, ಹಣ ತೆಗೆದುಕೊಳ್ಳದವರ ಮನೆಯಲ್ಲಿ, ಮಕ್ಕಳ ಕೈಗೆ ಪುಸ್ತಕಕ್ಕೆಂದು ಕೊಡುವುದುಂಟು. ಅಡುಗೆ ಕೆಲಸಕ್ಕೆ ಬರುವವರಿಗೆ ಬೇರೆಯಾಗಿ ಕೊಡಿ, ಮನೆಯವರಿಗೆ ಗೊತ್ತಾಗುವ ಹಾಗೆಯೇ ಕೊಡಿ. ಹಾಸಿಗೆಯ ಬಟ್ಟೆ ಮಡಚಿಡಿ. ‘ಹೋಗಿ ಬರ್ತೇನೆ’ ಎಂದೇ ಹೇಳಿ. ಊರು ಮುಟ್ಟಿದ ಮೇಲೆ ಒಂದು ಫೋನು ಮಾಡಿ, ಸಂದೇಶ ಸಾಲದು.

ಹೊರಡುವ ಹೊತ್ತಿಗೆ ನಿಮ್ಮ ಚೀಲಕ್ಕೆ ಏನಾದರೂ ಬೀಳುತ್ತದೆ: ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಎರಡು ತೆಂಗಿನಕಾಯಿ, ಗಾಣದ ಎಣ್ಣೆಯ ಬಾಟಲಿ. ಬಜ್ಪೆಯಿಂದ ವಿಮಾನದಲ್ಲಿ ಹೋಗುವವರಾದರೆ ಒಣಕೊಬ್ಬರಿಯನ್ನು ಮಾತ್ರ ಒಪ್ಪಿಕೊಳ್ಳಬೇಡಿ, ಬೇಗ ಬೆಂಕಿ ಹತ್ತುವ ವಸ್ತುವೆಂದು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು, ಬಾಯಿಗೆ ಪ್ಲಾಸ್ಟಿಕ್ ಚೂರು ಇಟ್ಟು, ಮತ್ತೆ ಬಿಗಿಯಾಗಿ ಮುಚ್ಚಿ, ಬೈರಾಸಿನಲ್ಲಿ ಸುತ್ತಿ ನೇರವಾಗಿ ನಿಲ್ಲಿಸಿ. ಚಳಿಗಾಲದಲ್ಲಿ ಬೆಂಗಳೂರು ತಲುಪುವಷ್ಟರಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ, ಬಿಸಿನೀರಿನಲ್ಲಿ ಐದು ನಿಮಿಷ ಇಟ್ಟರೆ ಕರಗುತ್ತದೆ.